ಆರ್‌ಎಫ್‌ಐಡಿ ರೀಡರ್ ಕೊಳ್ಳುವ ಮುನ್ನ: ಯಾವ ಆವರ್ತನ, ಯಾವ ದೇಶದ ನಿಯಮ, ಯಾವ ಪರೀಕ್ಷೆ?

ಪೀಣ್ಯದ ಒಂದು ಸಿದ್ಧ ಉಡುಪು ಗೋದಾಮಿನಲ್ಲಿ ಸ್ಟೋರ್ ಮ್ಯಾನೇಜರ್ ಹೊಸ ಆರ್‌ಎಫ್‌ಐಡಿ ರೀಡರಿನ (ಸರಕಿಗೆ ಅಂಟಿಸಿದ ಚಿಪ್ ಟ್ಯಾಗ್‌ಗಳನ್ನು ರೇಡಿಯೊ ಅಲೆಯಿಂದ ಓದುವ ಯಂತ್ರ) ಪೆಟ್ಟಿಗೆ ಬಿಚ್ಚಿ ಖುಷಿಯಿಂದ ನನ್ನ ಕೈಗೆ ಕೊಟ್ಟರು. ವಿದೇಶದಿಂದ ತರಿಸಿದ್ದು, ಬೆಲೆಯೂ ಕಡಿಮೆ. ಅಷ್ಟು ಹೊತ್ತಿಗೆ ಅವರು ಒಂದು ಸುತ್ತು ಪ್ರಯೋಗವನ್ನೂ ಮಾಡಿ ಮುಗಿಸಿದ್ದರು. ಕಾರ್ಟನ್ನಿನೊಳಗಿನ ಅಂಗಿಗಳ ಟ್ಯಾಗ್‌ಗಳೆಲ್ಲ ಚಕಚಕನೆ ಓದಿಸಿಕೊಂಡಿದ್ದವು. ನಾನು ಹಿಂಬದಿಯ ಲೇಬಲ್ ನೋಡಿದೆ: 902ರಿಂದ 928 ಮೆಗಾಹರ್ಟ್ಸ್. ‘ಸಾರ್, ದಯವಿಟ್ಟು ಇದನ್ನು ಮತ್ತೆ ಆನ್ ಮಾಡಬೇಡಿ’ ಎಂದೆ. ‘ಚೆನ್ನಾಗೇ ಕೆಲಸ ಮಾಡ್ತಿದೆಯಲ್ಲ?’ ಎಂದು ಅವರು ಕೇಳಿದ್ದು ಸಹಜವೇ.

ಚೆನ್ನಾಗಿ ಕೆಲಸ ಮಾಡುತ್ತಿತ್ತು, ನಿಜ. ಆದರೆ ಆ ರೀಡರ್ ಅಮೆರಿಕದ ನೆಲಕ್ಕಾಗಿ ತಯಾರಾದದ್ದು. ನಮ್ಮಲ್ಲಿ 890ರಿಂದ 915 ಮೆಗಾಹರ್ಟ್ಸ್‌ನ ಆವರ್ತನ ಪಟ್ಟಿಯಲ್ಲಿ (ಬ್ಯಾಂಡ್) ಮೊಬೈಲ್ ಫೋನುಗಳು ಟವರ್‌ಗೆ ಮಾತಾಡುತ್ತವೆ. ಎಲ್ಲೋ ದೂರದಲ್ಲಿರುವ ಫೋನಿನ ಕ್ಷೀಣ ದನಿಯನ್ನು ಟವರ್ ಕಿವಿಗೊಟ್ಟು ಕೇಳುತ್ತಿರುವಾಗ, ಪಕ್ಕದ ಗೋದಾಮಿನಿಂದ ಒಂದು ವ್ಯಾಟ್‌ನ ರೀಡರ್ ಅದೇ ಜಾಗದಲ್ಲಿ ಕೂಗತೊಡಗಿದರೆ ಸುತ್ತಲಿನವರ ಕರೆಗಳು ಕೆಡುತ್ತವೆ. ಗೋದಾಮಿನ ಒಳಗೆ ನಿಂತವರಿಗೆ ಮಾತ್ರ ಇದು ಗೊತ್ತೇ ಆಗುವುದಿಲ್ಲ.

ಅಂದಿನಿಂದ ಯಾರು ಸಲಹೆ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ರೀಡರ್ ಒಂದು ಊರಿನಲ್ಲಿ ನಿಲ್ಲುತ್ತದೆ, ಆ ನೆಲದ ಕಾನೂನಿಗೆ ಸೇರಿದ್ದು. ಟ್ಯಾಗ್ ಸರಕಿನ ಜೊತೆ ಊರೂರು ತಿರುಗುತ್ತದೆ, ದಾರಿಯಲ್ಲಿ ಬರುವ ಎಲ್ಲ ದೇಶಗಳಿಗೂ ಅದು ಹೊಂದಬೇಕು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಒಂದೇ ಅಂಗಡಿಗೆ ಆರ್ಡರ್ ಕೊಡುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ.

ಮೊದಲು ಆವರ್ತನದ ಮಾತು

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಸರಕು ಸಾಗಣೆಯ ಮಟ್ಟಿಗೆ ಉತ್ತರ ಬಹುಪಾಲು ಸ್ಪಷ್ಟವಾಗಿದೆ.

125 ಮತ್ತು 134.2 ಕಿಲೋಹರ್ಟ್ಸ್‌ನ ಕೆಳ ಆವರ್ತನದ ಟ್ಯಾಗ್‌ಗಳಿಗೆ ನೀರು, ಮಾಂಸ ಅಡ್ಡಿಯಾಗುವುದಿಲ್ಲ. ಅದಕ್ಕೇ ಜಾನುವಾರು ಗುರುತಿನ ಅಂತರರಾಷ್ಟ್ರೀಯ ಮಾನದಂಡ 134.2 ಕಿಲೋಹರ್ಟ್ಸ್ ಅನ್ನು ಆರಿಸಿಕೊಂಡಿದೆ. ಆದರೆ ಓದುವ ದೂರ ಗೇಣು, ಮೊಳದ ಲೆಕ್ಕ. ಗೋದಾಮಿಗೆ ಸಾಲದು.

13.56 ಮೆಗಾಹರ್ಟ್ಸ್ ಎಲ್ಲರ ಜೇಬಿನಲ್ಲೂ ಇದೆ: ಮೆಟ್ರೊ ಕಾರ್ಡ್, ಬ್ಯಾಂಕ್ ಕಾರ್ಡ್, ಫೋನಿನ ಎನ್‌ಎಫ್‌ಸಿ. ಗ್ರಂಥಾಲಯದ ಪುಸ್ತಕಗಳಲ್ಲಿ ಅಂಟಿಸುವ ಟ್ಯಾಗ್ ಹೆಚ್ಚಾಗಿ ಇದೇ. ಈ ಆವರ್ತನ ಜಗತ್ತಿನಾದ್ಯಂತ ಒಂದೇ, ದೇಶ ಬದಲಾದರೂ ರೀಡರ್ ಬದಲಿಸಬೇಕಿಲ್ಲ ಎನ್ನುವುದು ಇದರ ದೊಡ್ಡ ಬಲ. ಗಿರಾಕಿಯೇ ಫೋನ್ ಹಿಡಿದು ವಸ್ತುವಿನ ಅಸಲಿತನ ನೋಡಬೇಕಿದ್ದರೆ ಇದನ್ನೇ ಆರಿಸಿ. ಆದರೆ ಪೆಟ್ಟಿಗೆ ಪೇರಿಸಿದ ಇಡೀ ಪ್ಯಾಲೆಟ್ (ಸರಕು ಹೊರುವ ಹಲಗೆ) ಬಾಗಿಲು ದಾಟುವಾಗ ಒಂದೇ ಏಟಿಗೆ ಓದಬೇಕೆಂದರೆ ಇದರಿಂದ ಆಗದು. ದೊಡ್ಡ ಆಂಟೆನಾ ಇಟ್ಟರೂ ಒಂದು ಮೀಟರ್ ಆಸುಪಾಸಿಗೆ ನಿಲ್ಲುತ್ತದೆ.

2.4 ಗಿಗಾಹರ್ಟ್ಸ್‌ನ ಬ್ಲೂಟೂತ್ ಟ್ಯಾಗ್‌ಗೆ ಬ್ಯಾಟರಿ ಇರುತ್ತದೆ, ಬೆಲೆ ಹೆಚ್ಚು. ಹೋಗಿ ಮರಳಿ ಬರುವ ದುಬಾರಿ ಟ್ರಾಲಿ, ಕಬ್ಬಿಣದ ರ‍್ಯಾಕ್, ಶೀತಲ ಪೆಟ್ಟಿಗೆಗಳಿಗೆ ಒಪ್ಪುತ್ತದೆ. ಮಾರಿದ ಮೇಲೆ ಕಸದ ಬುಟ್ಟಿ ಸೇರುವ ಟ್ಯಾಗ್‌ಗೆ ಬ್ಯಾಟರಿ ಹಾಕುವುದು ದಂಡ.

ಉಳಿದದ್ದು 860ರಿಂದ 960 ಮೆಗಾಹರ್ಟ್ಸ್‌ನ ಯುಎಚ್‌ಎಫ್ (ಅತ್ಯುಚ್ಚ ಆವರ್ತನ). ಬ್ಯಾಟರಿ ಇಲ್ಲ, ಹಲವು ಮೀಟರ್ ದೂರ ಓದುತ್ತದೆ, ಸೆಕೆಂಡಿಗೆ ನೂರಾರು ಟ್ಯಾಗ್ ಎಣಿಸುತ್ತದೆ. ಟೋಲ್ ಗೇಟಿನ ಫಾಸ್ಟ್ಯಾಗ್ ಇದೇ ಜಾತಿಯದು. ಸರಕು ಸಾಗಣೆಯವರು ಆರಿಸುವುದು ಬಹುತೇಕ ಇದನ್ನೇ. ದೇಶಕ್ಕೊಂದು ನಿಯಮ ಇರುವುದೂ ಇದಕ್ಕೇ.

ಭಾರತ, ಯುರೋಪ್, ಅಮೆರಿಕ: ಒಂದೇ ಯಂತ್ರ, ಮೂರು ಕಾನೂನು

ಭಾರತದಲ್ಲಿ 2005ರ ಮಾರ್ಚ್‌ನಲ್ಲಿ ದೂರಸಂಪರ್ಕ ಇಲಾಖೆ 865–867 ಮೆಗಾಹರ್ಟ್ಸ್ ಪಟ್ಟಿಯನ್ನು ಆರ್‌ಎಫ್‌ಐಡಿ ಮತ್ತಿತರ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ಬಿಡುಗಡೆ ಮಾಡಿತು. ಮಿತಿ ಮೂರು: ಟ್ರಾನ್ಸ್‌ಮಿಟರ್ ಶಕ್ತಿ 1 ವ್ಯಾಟ್, ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ 4 ವ್ಯಾಟ್ ಇಆರ್‌ಪಿ (ಈ ಅಳತೆಯ ಅರ್ಥ ಮುಂದೆ ಹೇಳುತ್ತೇನೆ), ಚಾನೆಲ್ ಅಗಲ 200 ಕಿಲೋಹರ್ಟ್ಸ್. 2021ರ ನಿಯಮಗಳಲ್ಲಿ ಮೇಲಿನ ಅಂಚು 868ರವರೆಗೆ ಹಿಗ್ಗಿತು. ಇಲ್ಲಿ ಅನೇಕರು ಎಡವುತ್ತಾರೆ. ‘ಪರವಾನಗಿ ಬೇಡ’ ಎಂದರೆ ‘ಯಾವ ಕಾಗದವೂ ಬೇಡ’ ಎಂದಲ್ಲ. ಬಳಸುವವರಿಗೆ ಲೈಸೆನ್ಸ್ ಬೇಕಿಲ್ಲ, ಆದರೆ ಆ ಮಾದರಿಯ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ಆವರ್ತನಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದಿಂದ ಇಟಿಎ, ಅಂದರೆ ಉಪಕರಣ ಮಾದರಿ ಅನುಮೋದನೆ, ಆಗಿರಲೇಬೇಕು. ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಹೋಗುತ್ತದೆ, ಜೊತೆಗೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಇರಬೇಕು. ಆಮದು ಮಾಡಿಕೊಂಡ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುವುದು ಇದೇ ಕಾಗದಕ್ಕಾಗಿ.

ಮಾರುವವರು ‘ಇಟಿಎ ಇದೆ ಸಾರ್’ ಎಂದು ಒಂದು ಪಿಡಿಎಫ್ ಕಳಿಸುತ್ತಾರೆ. ತೆರೆದು ನೋಡಿ. ಅದರಲ್ಲಿರುವ ಮಾದರಿ ಸಂಖ್ಯೆಯೂ ಯಂತ್ರದ ಲೇಬಲ್ಲಿನ ಸಂಖ್ಯೆಯೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಒಂದೇ ರೀಡರಿಗೆ ಯುರೋಪ್, ಅಮೆರಿಕ ಎಂದು ಎರಡು ರೂಪ ಇದ್ದು, ಹೆಸರಿನ ಕೊನೆಯ ಒಂದೆರಡು ಅಕ್ಷರಗಳಷ್ಟೇ ಬೇರೆಯಾಗಿರುವುದು ಸಾಮಾನ್ಯ. ಅನುಮೋದನೆ ಒಂದು ರೂಪಕ್ಕೆ, ಕೈಗೆ ಬಂದದ್ದು ಇನ್ನೊಂದು ರೂಪ. ನಾನು ಇದನ್ನು ಒಂದಲ್ಲ, ಹಲವು ಸಲ ನೋಡಿದ್ದೇನೆ.

ಯುರೋಪಿನಲ್ಲಿ ಅಲ್ಲಿನ ದೂರಸಂಪರ್ಕ ಮಾನದಂಡ ಸಂಸ್ಥೆ ಇಟಿಎಸ್‌ಐಯ ಇಎನ್ 302 208 ಮಾನದಂಡ ನಡೆಯುತ್ತದೆ. ಕೆಳಗಿನ ಪಟ್ಟಿ 865–868 ಮೆಗಾಹರ್ಟ್ಸ್. ಅದರಲ್ಲಿ ಹೆಚ್ಚಿನ ಶಕ್ತಿಗೆ ನಾಲ್ಕು ಚಾನೆಲ್: 865.7, 866.3, 866.9, 867.5. ಮಿತಿ 2 ವ್ಯಾಟ್ ಇಆರ್‌ಪಿ. ಒಂದು ಚಾನೆಲ್ಲಿನಲ್ಲಿ 4 ಸೆಕೆಂಡು ಪ್ರಸಾರ ಮಾಡಿದ ಮೇಲೆ ರೀಡರ್ ಬೇರೆ ಚಾನೆಲ್ಲಿಗೆ ಸರಿಯಬೇಕು, ಇಲ್ಲವೇ ಕ್ಷಣಕಾಲ ಸುಮ್ಮನಾಗಬೇಕು. ಈ ನಾಲ್ಕರಲ್ಲಿ ಮೊದಲ ಮೂರು ನಮ್ಮ ಹಳೆಯ 865–867ರೊಳಗೇ ಬೀಳುತ್ತವೆ. ಹಾಗಾಗಿ ಭಾರತಕ್ಕೆ ಯಂತ್ರ ಕೊಳ್ಳುವವರು ಯುರೋಪ್ ರೂಪದ ಕಡೆ ನೋಡುವುದು ಸರಿಯಾದ ದಾರಿ. ಯಂತ್ರದೊಳಗಿನ ಪ್ರದೇಶದ ಸೆಟ್ಟಿಂಗ್ ಮಾತ್ರ ‘ಭಾರತ’ ಎಂದೇ ಇರಲಿ, ‘ಯುರೋಪ್’ ಎಂದು ಬಿಟ್ಟುಬಿಡಬೇಡಿ. ಯುರೋಪಿನಲ್ಲಿ ಈಗ 915–921 ಮೆಗಾಹರ್ಟ್ಸ್‌ನ ಮೇಲಿನ ಪಟ್ಟಿಯೂ ಇದೆ. 4 ವ್ಯಾಟ್ ಇಆರ್‌ಪಿ, 400 ಕಿಲೋಹರ್ಟ್ಸ್‌ನ ಅಗಲ ಚಾನೆಲ್, ಓದುವ ವೇಗವೂ ಹೆಚ್ಚು. ಆದರೆ ಎಲ್ಲ ದೇಶಗಳೂ ಅದನ್ನು ತೆರೆದಿಲ್ಲ, ರೈಲ್ವೆಯ ರೇಡಿಯೊ ಅಲ್ಲೇ ನೆರೆಹೊರೆಯಲ್ಲಿದೆ. ಆ ಪಟ್ಟಿಯ ರೀಡರನ್ನು ಭಾರತಕ್ಕೆ ತರುವ ಮಾತೇ ಬೇಡ.

ಅಮೆರಿಕದ ದಾರಿಯೇ ಬೇರೆ. ಅಲ್ಲಿನ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ 15ನೇ ಭಾಗದ ನಿಯಮದಡಿ 902–928 ಮೆಗಾಹರ್ಟ್ಸ್, ಅಂದರೆ 26 ಮೆಗಾಹರ್ಟ್ಸ್‌ನ ವಿಶಾಲ ಬಯಲು. ರೀಡರ್ ಅಲ್ಲಿ ಒಂದು ಕಡೆ ನಿಲ್ಲದೆ 50 ಚಾನೆಲ್‌ಗಳ ನಡುವೆ ಹಾರುತ್ತಿರಬೇಕು, ಒಂದೊಂದರಲ್ಲಿ 0.4 ಸೆಕೆಂಡಿಗಿಂತ ಹೆಚ್ಚು ತಂಗುವಂತಿಲ್ಲ. ಶಕ್ತಿ 1 ವ್ಯಾಟ್, 6 ಡಿಬಿಐ ಆಂಟೆನಾ (ಶಕ್ತಿಯನ್ನು ಒಂದು ದಿಕ್ಕಿಗೆ ಎಷ್ಟು ಕೂಡಿಸುತ್ತದೆ ಎಂಬ ಅಳತೆ), ಒಟ್ಟು 4 ವ್ಯಾಟ್ ಇಐಆರ್‌ಪಿ. ಆಂಟೆನಾ 6 ಡಿಬಿಐಗಿಂತ ಬಲವಾದದ್ದಾದರೆ ಹೆಚ್ಚಾದಷ್ಟೂ ಡಿಬಿಯನ್ನು (ಡೆಸಿಬೆಲ್, 3 ಡಿಬಿ ಇಳಿದರೆ ಶಕ್ತಿ ಅರ್ಧ) ರೀಡರಿನ ಶಕ್ತಿಯಲ್ಲಿ ಇಳಿಸಬೇಕು. ಅಲ್ಲಿ ಚಾನೆಲ್‌ಗಳ ಬರವಿಲ್ಲ, ಇಪ್ಪತ್ತು ಬಾಗಿಲಿಗೆ ಇಪ್ಪತ್ತು ರೀಡರ್ ಇಟ್ಟರೂ ಪರಸ್ಪರ ಡಿಕ್ಕಿ ಕಡಿಮೆ. ಅಲ್ಲಿನ ಗೋದಾಮಿನ ವೀಡಿಯೊ ನೋಡಿ ‘ನಮಗೂ ಹಾಗೇ ಬೇಕು’ ಎನ್ನುವವರು ಈ ವ್ಯತ್ಯಾಸ ತಿಳಿದಿರಬೇಕು. ನಮ್ಮ ಜಾಗ ಅದರ ಹತ್ತನೇ ಒಂದು ಭಾಗದಷ್ಟು, ಆಸುಪಾಸು. ಇಲ್ಲಿ ಹತ್ತು ಬಾಗಿಲು ಎಂದರೆ ಯಾವ ರೀಡರ್ ಯಾವಾಗ ಮಾತಾಡಬೇಕು ಎಂಬುದನ್ನು ಕುಳಿತು ಯೋಜಿಸಬೇಕು. ಬಾಗಿಲಿಗೆ ಫೋರ್ಕ್‌ಲಿಫ್ಟ್ ಬಂದಾಗ ಮಾತ್ರ ಆನ್ ಆಗುವ ಸೆನ್ಸರ್ ಹಾಕಿದರೆ ಅರ್ಧ ತಲೆನೋವು ಹೋಗುತ್ತದೆ.

ಅದಲುಬದಲೂ ನಡೆಯದು. ನಮ್ಮ 865ರ ರೀಡರನ್ನು ಅಮೆರಿಕಕ್ಕೆ ಒಯ್ದರೆ ಅದು ಅಲ್ಲಿನ 851–869 ಮೆಗಾಹರ್ಟ್ಸ್‌ನಲ್ಲಿ ಕಾಲಿಡುತ್ತದೆ. ಪೊಲೀಸ್, ಅಗ್ನಿಶಾಮಕದವರ ವೈರ್‌ಲೆಸ್ ಇರುವ ಜಾಗ ಅದು. ಹೊರದೇಶದ ಶಾಖೆಗೆ ಇಲ್ಲಿಂದಲೇ ಹ್ಯಾಂಡ್‌ಹೆಲ್ಡ್ ಕಳಿಸುವ ಯೋಚನೆ ಇದ್ದರೆ ಬಿಡಿ, ಅಲ್ಲಿಯೇ ಕೊಳ್ಳಲಿ. ಚೀನಾ, ಜಪಾನ್ ಎರಡೂ 920ರ ಆಸುಪಾಸಿನಲ್ಲಿವೆ. ಜಪಾನಿನಲ್ಲಿ ಕಡಿಮೆ ಶಕ್ತಿಯ ರೀಡರ್ ಮಾತಾಡುವ ಮೊದಲು ಚಾನೆಲ್ ಖಾಲಿಯಿದೆಯೇ ಎಂದು ಕೇಳಿಸಿಕೊಳ್ಳಬೇಕೆಂಬ ನಿಯಮವೂ ಇದೆ.

ವ್ಯಾಟ್‌ಗಳ ಗೊಂದಲ

ಭಾರತ 4, ಅಮೆರಿಕ 4, ಯುರೋಪಿನ ಕೆಳಗಿನ ಪಟ್ಟಿ 2. ಇಷ್ಟು ಓದಿ ‘ಭಾರತ, ಅಮೆರಿಕ ಸಮ’ ಎಂದುಕೊಂಡರೆ ತಪ್ಪು. ಅಳತೆಗೋಲು ಬೇರೆ ಬೇರೆ. ಇಐಆರ್‌ಪಿ ಎಂದರೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದ ಶಕ್ತಿ. ಇಆರ್‌ಪಿ ಎಂದರೆ ಅರ್ಧತರಂಗ ಡೈಪೋಲ್ ಆಂಟೆನಾಕ್ಕೆ ಹೋಲಿಸಿದ್ದು. ಎರಡರ ನಡುವೆ 2.15 ಡಿಬಿ ಅಂತರ, ಅಂದರೆ 1.64 ಪಟ್ಟು. ಯುರೋಪಿನ 2 ವ್ಯಾಟ್ ಇಆರ್‌ಪಿಯನ್ನು ಅಮೆರಿಕದ ಅಳತೆಗೆ ತಂದರೆ 3.28 ವ್ಯಾಟ್ ಆಗುತ್ತದೆ. ಅಲ್ಲಿನ 4ಕ್ಕಿಂತ ಕೊಂಚವೇ ಕಡಿಮೆ. ಬ್ಯಾಟರಿಯಿಲ್ಲದ ಟ್ಯಾಗ್ ಓದುವ ದೂರ ಶಕ್ತಿಯ ವರ್ಗಮೂಲದಂತೆ ಬೆಳೆಯುವುದರಿಂದ ಇವೆರಡರ ನಡುವಿನ ವ್ಯತ್ಯಾಸ ನೂರಕ್ಕೆ ಹತ್ತು ಮಾತ್ರ. ನಮ್ಮ 4 ವ್ಯಾಟ್ ಇಆರ್‌ಪಿ ಅದೇ ಅಳತೆಯಲ್ಲಿ 6.56 ವ್ಯಾಟ್. ಕಾಗದದ ಮೇಲೆ ಈ ಮೂರರಲ್ಲಿ ನಮಗೇ ಹೆಚ್ಚು ಸವಲತ್ತು.

ಈ ಸವಲತ್ತನ್ನು ಪೂರ್ತಿ ಬಳಸಬೇಕೇ? ಬಹುತೇಕ ಬೇಡ ಎಂಬುದು ನನ್ನ ಅಭಿಪ್ರಾಯ. ರೀಡರ್ 1 ವ್ಯಾಟ್ ದಾಟುವಂತಿಲ್ಲವಾದ್ದರಿಂದ ಮೇಲಿನ ಮಿತಿ ಮುಟ್ಟಲು 8 ಡಿಬಿಐಗೂ ತುಸು ಹೆಚ್ಚಿನ ಆಂಟೆನಾ ಬೇಕು, ಅದೂ ಕೇಬಲ್ಲಿನಲ್ಲಿ ಏನೂ ಸೋರದಿದ್ದರೆ. ಕೇಬಲ್ ಮಾತ್ರ ಸೋರುತ್ತದೆ. ತೆಳು ಕೇಬಲ್ 10 ಮೀಟರ್ ಎಳೆದರೆ ಸುಮಾರು 2.5 ಡಿಬಿ, ಅಂದರೆ ಹತ್ತಿರ ಹತ್ತಿರ ಅರ್ಧ ಶಕ್ತಿ, ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ದಪ್ಪ ಕೇಬಲ್ಲಿಗೆ ಆ ನಷ್ಟ ಅರ್ಧಕ್ಕಿಳಿಯುತ್ತದೆ. ದುಬಾರಿ ರೀಡರ್ ತೆಗೆದುಕೊಂಡು ಕೇಬಲ್ಲಿನಲ್ಲಿ ಕಾಸು ಉಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ರೀಡರನ್ನೇ ಬಾಗಿಲ ಹತ್ತಿರ ಕಟ್ಟಿ ಕೇಬಲ್ ಗಿಡ್ಡ ಮಾಡಿ.

ಇನ್ನು ಹೆಚ್ಚು ಶಕ್ತಿ ಹೆಚ್ಚು ತೊಂದರೆಯನ್ನೂ ತರುತ್ತದೆ. ಮೂರನೇ ಬಾಗಿಲಲ್ಲಿ ಲೋಡ್ ಆಗುತ್ತಿರುವ ಪೆಟ್ಟಿಗೆಯನ್ನು ನಾಲ್ಕನೇ ಬಾಗಿಲ ರೀಡರ್ ಓದಿಬಿಟ್ಟರೆ, ತಪ್ಪು ಲಾರಿಯ ಚಲನ್‌ನಲ್ಲಿ ಆ ಸರಕು ಸೇರುತ್ತದೆ. ಓದದೇ ಹೋದದ್ದನ್ನು ಹುಡುಕುವುದು ಸುಲಭ, ಅತಿಯಾಗಿ ಓದಿದ್ದನ್ನು ಬೇರ್ಪಡಿಸುವುದು ಕಷ್ಟ.

ಆಂಟೆನಾದಲ್ಲಿ ನೇರ, ವೃತ್ತಾಕಾರ ಎಂದು ಎರಡು ಬಗೆ. ಟ್ಯಾಗ್ ಯಾವಾಗಲೂ ಒಂದೇ ದಿಕ್ಕಿಗೆ ಇರುತ್ತದೆಂದು ಖಾತ್ರಿಯಿದ್ದರೆ, ಕನ್ವೇಯರ್ ಮೇಲಿನ ಪೆಟ್ಟಿಗೆಯ ಹಾಗೆ, ನೇರ ಧ್ರುವೀಕರಣದ ಆಂಟೆನಾ ಆರಿಸಿ. ಬಟ್ಟೆಯ ಮೂಟೆಯಂತೆ ಹೇಗೆಂದರೆ ಹಾಗೆ ಬಿದ್ದಿದ್ದರೆ ವೃತ್ತಾಕಾರದ್ದು. ಅದರಲ್ಲಿ 3 ಡಿಬಿ ಕಳೆದುಕೊಳ್ಳುತ್ತೀರಿ, ಆದರೆ ನೆಮ್ಮದಿ ಇರುತ್ತದೆ.

ನೆರೆಹೊರೆಯವರನ್ನೂ ನೋಡಿ

ನಮ್ಮ 865–868ರ ಮೇಲ್ಭಾಗದಲ್ಲಿ ಒಂದೇ ಮೆಗಾಹರ್ಟ್ಸ್ ದಾಟಿದರೆ 869ರಿಂದ ಮೊಬೈಲ್ ಟವರ್‌ಗಳ ಪ್ರಸಾರ ಶುರುವಾಗುತ್ತದೆ. ಗೋದಾಮಿನ ಛಾವಣಿಯಲ್ಲೋ ಎದುರಿನ ಕಟ್ಟಡದಲ್ಲೋ ಟವರ್ ಇದ್ದರೆ, ಅದರ ಅಬ್ಬರದಲ್ಲಿ ರೀಡರಿಗೆ ಟ್ಯಾಗ್‌ನ ಪಿಸುಮಾತು ಕೇಳಿಸದೆ ಹೋಗಬಹುದು. ಒಳ್ಳೆಯ ಫಿಲ್ಟರ್ ಇರುವ ರೀಡರಿಗೂ ಅಗ್ಗದ್ದಕ್ಕೂ ನಿಜವಾದ ವ್ಯತ್ಯಾಸ ಕಾಣುವುದು ಇಂಥ ಕಡೆ, ಅಂಗಡಿಯ ಮೇಜಿನ ಮೇಲಲ್ಲ.

ಪಟ್ಟಿಯ ಕೆಳಭಾಗದಲ್ಲಿ ಲೋರಾ (ಕಡಿಮೆ ಶಕ್ತಿಯಲ್ಲಿ ದೂರ ತಲುಪುವ ರೇಡಿಯೊ ಜಾಲ) ಸೆನ್ಸರ್‌ಗಳಿವೆ. ಭಾರತದ ಲೋರಾ ಜಾಲಗಳು ಮೊದಲಿಗೆ ಬಳಸುವ ಚಾನೆಲ್‌ಗಳು 865.0625, 865.4025, 865.985. ನಿಮ್ಮದೇ ಕಟ್ಟಡದ ತಾಪಮಾನ ಸೆನ್ಸರ್, ನೀರಿನ ಮೀಟರ್ ಅದರಲ್ಲಿ ಕೂತಿರಬಹುದು. ರೀಡರಿಗೆ 866.9 ಚಾನೆಲ್ ಕೊಟ್ಟರೆ ಇಬ್ಬರಿಗೂ ಕ್ಷೇಮ. ಪರವಾನಗಿ ಬೇಡದ ಪಟ್ಟಿಯೆಂದರೆ ಊರ ಗೋಮಾಳದಂತೆ. ಎಲ್ಲರ ಹಸುವೂ ಮೇಯಬಹುದು, ‘ನನ್ನ ಹುಲ್ಲು ತಿಂದರು’ ಎಂದು ದೂರು ಕೊಡಲು ಮಾತ್ರ ಬರುವುದಿಲ್ಲ.

ಟ್ಯಾಗ್ ಆರಿಸುವುದು

ಬ್ಯಾಟರಿಯಿಲ್ಲದ ಟ್ಯಾಗ್ ತಾನಾಗಿ ಏನನ್ನೂ ಪ್ರಸಾರ ಮಾಡದು, ರೀಡರ್ ಕಳಿಸಿದ ಅಲೆಯನ್ನೇ ಕೊಂಚ ಅಲುಗಿಸಿ ಹಿಂದಿರುಗಿಸುತ್ತದೆ. ರೇಡಿಯೊ ಕಾನೂನಿನ ಭಾರವೆಲ್ಲ ಹೀಗೆ ರೀಡರಿನ ಮೇಲೆ ಬೀಳುತ್ತದೆ. ಟ್ಯಾಗ್‌ಗೆ ಇರುವುದು ಭೌತಶಾಸ್ತ್ರದ ಕಟ್ಟು.

866 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್, 915ರಲ್ಲಿ 32.8. ಒಂದೇ ದೇಶಕ್ಕೆ ಹದ ಮಾಡಿದ ಟ್ಯಾಗ್ ತನ್ನ ಆವರ್ತನದಲ್ಲಿ ಅತ್ಯುತ್ತಮ, ಆಚೆ ಮಂಕು. 860–960 ಪೂರ್ತಿ ಹರಡಿದ ಜಾಗತಿಕ ಟ್ಯಾಗ್ ಎಲ್ಲ ಕಡೆಯೂ ಸಾಧಾರಣವಾಗಿ ಒಳ್ಳೆಯದು. ಬೆಂಗಳೂರಿನಲ್ಲಿ ಹೊಲಿದ ಅಂಗಿ ನ್ಯೂಯಾರ್ಕಿನ ಅಂಗಡಿಗೆ ಹೋಗುವುದಾದರೆ ಯೋಚನೆಯೇ ಬೇಡ, ಜಾಗತಿಕದ್ದೇ ಸರಿ. ಕಾರ್ಖಾನೆಯೊಳಗೇ ತಿರುಗುವ ಕ್ರೇಟಿಗೆ 865ರ ಟ್ಯಾಗ್ ಸಾಕು.

ಅಂಟಿಸಿದ ವಸ್ತುವೂ ಹದ ಕೆಡಿಸುತ್ತದೆ. ಗಾಳಿಯಲ್ಲಿ 900ಕ್ಕೆ ಹದವಾಗಿದ್ದ ಟ್ಯಾಗನ್ನು ದಪ್ಪ ಜೀನ್ಸ್ ಮಡಿಕೆಗೆ ಒತ್ತಿದರೆ ಅದರ ಹದ ಕೆಳಕ್ಕೆ ಜಾರುತ್ತದೆ. ಅಮೆರಿಕದಲ್ಲಿ ಅದು ಸೊರಗಬಹುದು, ಇಲ್ಲಿ ಇನ್ನಷ್ಟು ಚೆನ್ನಾಗಿ ಓದಬಹುದು. ‘ನಮ್ಮಲ್ಲಿ ಎಲ್ಲ ಓದಿತ್ತಲ್ಲ, ಅಲ್ಲಿ ಯಾಕೆ ಓದಲಿಲ್ಲ’ ಎಂಬ ಜಗಳದ ಹಿಂದೆ ಹಲವು ಸಲ ಇದೇ ಇರುತ್ತದೆ. ಲೋಹಕ್ಕೆ ಅದಕ್ಕೆಂದೇ ಮಾಡಿದ ಟ್ಯಾಗ್ ಬೇಕು. ಕರ್ನಾಟಕದಿಂದ ಹೊರಡುವ ಮಿಡಿ ಸೌತೆಯ ಉಪ್ಪುನೀರಿನ ಡ್ರಮ್ಮಿನ ಮೈಗೆ ಅಂಟಿಸಿದ ಟ್ಯಾಗ್ ಸತ್ತಂತೆಯೇ. ಮುಚ್ಚಳದ ಮೇಲೆ, ದ್ರವದಿಂದ ಎತ್ತರದಲ್ಲಿ, ನಡುವೆ ಒಂದಿಷ್ಟು ಅಂತರ ಕೊಟ್ಟು ಇಡಿ.

ಪರೀಕ್ಷೆಗಳಲ್ಲಿ ಯಾವುದಕ್ಕೆ ದುಡ್ಡು ಹಾಕುವುದು?

‘ಟೆಸ್ಟ್ ಆಗಿದೆ’ ಎಂಬ ಒಂದು ಮಾತಿನಲ್ಲಿ ನಾಲ್ಕು ಬೇರೆ ಸಂಗತಿ ಅಡಗಿವೆ.

ಮೊದಲನೆಯದು ನಿಯಂತ್ರಣ ಪರೀಕ್ಷೆ. ಪ್ರತಿಧ್ವನಿಯಿಲ್ಲದ ಕೋಣೆಯಲ್ಲಿ ರೀಡರ್ ಇಟ್ಟು ಅದು ತನ್ನ ಪಟ್ಟಿಯೊಳಗೇ ಇದೆಯೇ, ಶಕ್ತಿ ಮಿತಿಯೊಳಗಿದೆಯೇ, ಪಕ್ಕದ ಆವರ್ತನಗಳಿಗೆ ಎಷ್ಟು ಚೆಲ್ಲುತ್ತಿದೆ ಎಂದು ಅಳೆಯುತ್ತಾರೆ. ಚೆನ್ನೈನ ಸಮೀರ್‌ನಂಥ ಸರಕಾರಿ ಸಂಸ್ಥೆಗಳಲ್ಲೂ ಎನ್‌ಎಬಿಎಲ್ ಮಾನ್ಯತೆಯ ಖಾಸಗಿ ಪ್ರಯೋಗಾಲಯಗಳಲ್ಲೂ ಇದಕ್ಕೆ ಸೌಕರ್ಯವಿದೆ. ರೀಡರ್ ತಯಾರಿಸುವವರಿಗೆ, ಆಮದು ಮಾಡುವವರಿಗೆ ಇದು ಅನಿವಾರ್ಯ. ಕೊಳ್ಳುವವರು ವರದಿ ಕೇಳಿ ಪಡೆದರೆ ಸಾಕು, ಮತ್ತೆ ಮಾಡಿಸಬೇಕಿಲ್ಲ. ಈ ವರದಿ ಟ್ಯಾಗ್ ಓದುತ್ತದೋ ಇಲ್ಲವೋ ಎಂಬ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ ಎಂಬುದು ನೆನಪಿರಲಿ.

ಎರಡನೆಯದು ಭಾಷೆಯ ಪರೀಕ್ಷೆ: ರೀಡರ್ ಮತ್ತು ಟ್ಯಾಗ್ ಐಎಸ್‌ಒ 18000-63 ನಿಯಮದಂತೆಯೇ ಮಾತಾಡುತ್ತವೆಯೇ ಎಂಬುದು. ಅದರ ವಿಧಾನ ಐಎಸ್‌ಒ 18047ರಲ್ಲಿದೆ. ಹೆಸರಾಂತ ಚಿಪ್ ಇದ್ದರೆ ಈ ಚಿಂತೆ ಬಿಡಬಹುದು.

ಮೂರನೆಯದು ಸಾಮರ್ಥ್ಯ. ಐಎಸ್‌ಒ 18046 ಇದರ ಮಾನದಂಡ. ಟ್ಯಾಗ್ ಎಚ್ಚರಗೊಳ್ಳಲು ಕನಿಷ್ಠ ಎಷ್ಟು ಶಕ್ತಿ ಬೇಕು ಎಂದು ಆವರ್ತನಕ್ಕೊಂದರಂತೆ ಅಳೆದು ಗೆರೆ ಎಳೆಯುತ್ತಾರೆ. ಟ್ಯಾಗ್ ಮಾರುವವರಿಂದ ಈ ಗೆರೆಯ ಚಿತ್ರ ಕೇಳಿ, ಅದೂ ನಿಮ್ಮ ವಸ್ತುವಿಗೆ ಅಂಟಿಸಿ ಅಳೆದದ್ದನ್ನು. 866 ಮತ್ತು 915 ಎರಡೂ ಕಡೆ ಗೆರೆ ಎಲ್ಲಿದೆ ನೋಡಿ. ಕೊಡಲಾಗದವರ ಟ್ಯಾಗ್‌ಗಿಂತ ಕೊಡುವವರ ಟ್ಯಾಗ್‌ಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಅಮೆರಿಕದ ದೊಡ್ಡ ಚಿಲ್ಲರೆ ಅಂಗಡಿಗಳಿಗೆ ಸರಕು ಕಳಿಸುವವರಿಗೆ ಇಲ್ಲಿ ಆಯ್ಕೆಯೇ ಕಡಿಮೆ. ಆಬರ್ನ್ ವಿಶ್ವವಿದ್ಯಾಲಯದ ಆರ್‌ಎಫ್‌ಐಡಿ ಪ್ರಯೋಗಾಲಯದ ಎಆರ್‌ಸಿ ಕಾರ್ಯಕ್ರಮದಲ್ಲಿ ಪಾಸಾದ ಟ್ಯಾಗ್‌ಗಳ ಪಟ್ಟಿಯಿಂದಲೇ ಕೊಳ್ಳಿ ಎಂದು ಖರೀದಿದಾರರು ಹೇಳುತ್ತಾರೆ. ವಾಲ್‌ಮಾರ್ಟ್ 2003ರಲ್ಲಿ ತನ್ನ ದೊಡ್ಡ ಪೂರೈಕೆದಾರರಿಗೆ ಟ್ಯಾಗ್ ಕಡ್ಡಾಯವೆಂದಾಗ ಪೆಟ್ಟಿಗೆ, ಪ್ಯಾಲೆಟ್‌ಗಳ ಮಾತಿತ್ತು. ಈಗ ಒಂದೊಂದು ಬಿಡಿ ವಸ್ತುವಿಗೂ ಟ್ಯಾಗ್ ಕೇಳುತ್ತಾರೆ. ಆರ್ಡರ್ ಒಪ್ಪುವ ಮೊದಲೇ ಆ ಪಟ್ಟಿ ತರಿಸಿಕೊಳ್ಳಿ.

ನಾಲ್ಕನೆಯದು ನಿಮ್ಮದೇ ಬಾಗಿಲಲ್ಲಿ ಮಾಡುವ ಪರೀಕ್ಷೆ. ಬಜೆಟ್ ಒಂದಕ್ಕೇ ಸಾಲುತ್ತದೆಂದರೆ ನಾನು ಇದಕ್ಕೇ ಕೊಡಿಸುತ್ತೇನೆ. ನೂರು ಪೆಟ್ಟಿಗೆ ತೆಗೆದುಕೊಳ್ಳಿ, ಪ್ರತಿಯೊಂದರಲ್ಲಿ ಎಷ್ಟು ಟ್ಯಾಗ್ ಇದೆಯೆಂದು ಕೈಯಿಂದ ಎಣಿಸಿ ಬರೆದಿಡಿ. ಫೋರ್ಕ್‌ಲಿಫ್ಟ್ ಓಡಿಸುವವರು ದಿನಾ ಓಡಿಸುವ ವೇಗದಲ್ಲೇ ಓಡಿಸಲಿ, ಮಾರಾಟಗಾರರ ಮುಂದೆ ನಿಧಾನ ಮಾಡುವುದು ಬೇಡ. ಪಕ್ಕದ ಬಾಗಿಲುಗಳ ರೀಡರ್‌ಗಳೂ ಆನ್ ಇರಲಿ. ಸಾಧ್ಯವಾದರೆ ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಿ. ತೇವ ಹೀರಿದ ರಟ್ಟಿನ ಪೆಟ್ಟಿಗೆ ಅಲೆಯನ್ನೂ ಹೀರುತ್ತದೆ, ಬೇಸಿಗೆಯಲ್ಲಿ ನೂರಕ್ಕೆ ನೂರು ಬಂದ ಬಾಗಿಲು ಆಷಾಢದಲ್ಲಿ ತಡವರಿಸಿದ್ದನ್ನು ಕಂಡಿದ್ದೇನೆ.

ಎಲ್ಲ ಓದಿದ ಮೇಲೆ ರೀಡರಿನ ಶಕ್ತಿಯನ್ನು 1 ಡಿಬಿ ಇಳಿಸಿ ಮತ್ತೆ ಓಡಿಸಿ. ಇನ್ನೊಂದು ಡಿಬಿ. ಮತ್ತೊಂದು. ಮೊದಲ ಟ್ಯಾಗ್ ತಪ್ಪಿಹೋಗುವ ಅಂಕಿಯನ್ನು ಬಾಗಿಲ ಸಂಖ್ಯೆಯ ಜೊತೆ ಬರೆದುಕೊಳ್ಳಿ. ಮೊದಲ ಡಿಬಿಗೇ ತಪ್ಪಿತೆಂದರೆ ಆ ಬಾಗಿಲು ಕೂದಲೆಳೆಯಲ್ಲಿ ನಿಂತಿದೆ ಎಂದರ್ಥ. ಆಂಟೆನಾ ಸರಿಸಿ, ಕೇಬಲ್ ಬದಲಿಸಿ, ಟ್ಯಾಗ್‌ನ ಜಾಗ ಬದಲಿಸಿ. 3 ಡಿಬಿ ಇಳಿಸಿದರೂ, ಅಂದರೆ ಅರ್ಧ ಶಕ್ತಿಯಲ್ಲೂ, ನೂರು ಪೆಟ್ಟಿಗೆಯ ಲೆಕ್ಕ ಕೈಬರಹದ ಲೆಕ್ಕಕ್ಕೆ ಹೊಂದಿದರೆ ಆವತ್ತು ಮಾರಾಟಗಾರರ ಕೊನೆಯ ಕಂತಿನ ಚೆಕ್‌ಗೆ ಸಹಿ ಹಾಕಿ.